ಕಬ್ಬಿಣದ ರುಚಿ

ಮೇ ೩

ಗಿರಗಿಟ್ಲೆಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಇಳಿಜಾರಿನ ಊರಿನಲ್ಲಿ ಸೈಕಲ್ ಮೇಲೆ ಮನೆಮನೆಗೆ ಔಷಧಿ ಹಂಚುವ ಕೆಲಸ ಹಿಡಿದಿದ್ದೇನೆ ಎಂದು ಕುಣಿದಾಡಿಕೊಂಡು ಬರೆದವಳ ಕ್ಷೇಮ ಆ ಕಾಗದದಲ್ಲೇ ಕಾಣುತ್ತದೆ. ಸಪಾಟು ನೆಲದ ಮೇಲೆ ಎಡವುವ ಹುಡುಗಿ ನೀನು. ನಿಂತಲ್ಲಿ ನಿಲ್ಲುವುದಿಲ್ಲವೆಂದು ನಿನಗೆ ಗಿರಗಿಟ್ಲೆ ಎಂದು ಹೆಸರಿಟ್ಟವಳು ನಾನೇ. ಅದನ್ನು ಇಷ್ಟು ನಿಜ ಮಾಡಿ ತೋರಿಸಬೇಕಾಗಿರಲಿಲ್ಲ.

ನನ್ನ ತಮ್ಮನ ಸೈಕಲ್ ಅಂಗಡಿಯ ಅಟ್ಟದಲ್ಲಿ ಮಲಗುತ್ತೀಯ, ಅವನೇ ಹಳೇ ಸಾಮಾನಿನಲ್ಲಿ ನಿನಗೊಂದು ಸೈಕಲ್ ಜೋಡಿಸಿ ಕೊಡುತ್ತಾನೆ. ಅಷ್ಟು ಮಟ್ಟಿಗೆ ಸಮಾಧಾನ. "ಅಂಗಡಿ ಅಜ್ಜ ಹೇಳ್ತಾನೆ, ಚಿಕ್ಕವರಿದ್ದಾಗ ನೀವಿಬ್ರೂ ಸೈಕಲ್ ಹೆಕ್ತಿದ್ರಂತೆ, ನಿಜಾನಾ ಅಜ್ಜಿ?" ಎಂದು ಕೇಳಿದ್ದೀಯ. ನಿಜ. ನಾವು ಆಟದ ಸಾಮಾನು ಕೊಂಡವರಲ್ಲ, ಹೆಕ್ಕಿದವರು.

ಊರಾಚೆ ಕಲ್ಲು ಒಡೆದು ಬಿಟ್ಟ ದೊಡ್ಡ ಗುಂಡಿ ಇತ್ತು. ಜನರಿಗೆ ಬೇಡವಾದದ್ದೆಲ್ಲ ಅದರೊಳಗೆ. ಕಾಲು ಮುರಿದ ಮಂಚ, ತಳ ಹೋದ ಬಕೆಟ್ಟು, ಸೈಕಲ್ಲು. ನಾನು ಮುಂದೆ, ಗೋಣಿಚೀಲ ಹಿಡಿದ ತಮ್ಮ ಹಿಂದೆ. ಒಂದರ ಹ್ಯಾಂಡಲ್ಲು ಕಿತ್ತು, ಇನ್ನೊಂದರ ಚಕ್ರ ಎಳೆದು, ಮತ್ತೊಂದರ ಸೀಟು ಹೊತ್ತು ತರುತ್ತಿದ್ದೆವು. ಒಮ್ಮೆ ದೀಪದ ಬುರುಡೆಯೊಳಗಿಂದ ಕಪ್ಪೆಯೊಂದು ನೆಗೆದು ತಮ್ಮನ ಅಂಗಿಯೊಳಗೆ ಹೋಯಿತು. ಅವನ ಕುಣಿತಕ್ಕೆ ನಕ್ಕೂ ನಕ್ಕೂ ನಾನು ಗುಂಡಿಗೆ ಜಾರಿದೆ. ಅವತ್ತು ಒಡೆದ ಮಂಡಿಯೇ ಇವತ್ತು ನನ್ನನ್ನು ಹೊಸಿಲು ದಾಟಲು ಬಿಡುತ್ತಿಲ್ಲ. ಕಪ್ಪೆ ಎಂದೋ ಸತ್ತಿತು, ಸೇಡು ಸಾಯಲಿಲ್ಲ.

ಅಪ್ಪ ಗಿರಣಿಯಲ್ಲಿ ಫಿಟ್ಟರ್. ಅವನದೊಂದು ಪಾನಾ ಇತ್ತು. ತಿರುಪು ತಿರುಗಿಸಿದರೆ ಬಾಯಿ ಅಗಲಿಸುತ್ತಿತ್ತು, ಕಿರಿದು ಮಾಡುತ್ತಿತ್ತು. ಯಾವ ನಟ್ಟು ಕೊಟ್ಟರೂ ಕಚ್ಚುತ್ತಿತ್ತು. ಹಿಡಿ ಮರದ್ದು, ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಅದೇ ಪಾನಾ ಈಗ ನಿನ್ನ ಅಂಗಡಿ ಅಜ್ಜನ ಗೋಡೆಯ ಮೊಳೆಗೆ ನೇತಾಡುತ್ತಿದೆ. ನ್ಯಾಯವಾಗಿ ಅದು ನನಗೆ ಬರಬೇಕಿತ್ತು, ದೊಡ್ಡವಳು ನಾನು. "ಹುಡುಗೀಗೆ ಪಾನಾ ಯಾಕೆ" ಎಂದು ನನ್ನ ಕೈಗೆ ಸೌಟು ಕೊಟ್ಟರು. ಸೌಟಿನಿಂದಲೂ ಬಡಿಯಬಹುದು ಎಂದು ನನ್ನನ್ನು ಕಟ್ಟಿಕೊಂಡ ನಿಮ್ಮಜ್ಜನಿಗೆ ಆಮೇಲೆ ತಿಳಿಯಿತು.

ಜೋಡಿಸುವ ಮೊದಲು ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಬರೀ ಫ್ರೇಮಿಗೆ ಹಗ್ಗ ಕಟ್ಟಿ ಕೊಂಬೆಗೆ ತೂಗುಹಾಕಿ ಪಾನಾದಿಂದ ಬಡಿಯುವುದು. ಗಂಟೆಯ ಹಾಗೆ ದನಿ ಎಳೆದರೆ ಅದಕ್ಕೆ ಜೀವ ಇದೆ. ಒಡಕು ಮಡಕೆಯ ಹಾಗೆ 'ತಪ್' ಎಂದರೆ ಸತ್ತಿದೆ, ಒಳಗೆಲ್ಲೋ ಬಿರುಕಿದೆ. ಬಣ್ಣದ ಕೆಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಸದ್ದಿಗೆ ಸಿಕ್ಕಿಬೀಳುತ್ತದೆ.

ನಿನ್ನ ಅಂಗಡಿ ಅಜ್ಜ ಅದನ್ನೇ ಬೇರೆ ಥರ ಮಾಡುತ್ತಾನೆ, ನೋಡಿರುತ್ತೀಯ. ಫ್ರೇಮನ್ನು ಸ್ಟ್ಯಾಂಡಿಗೆ ಬಿಗಿದು, ಪಾನಾದ ಕಬ್ಬಿಣದ ತುದಿಯನ್ನು ಅದಕ್ಕೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಮುದುಕ ಕಬ್ಬಿಣದ ರುಚಿ ನೋಡುತ್ತಾನೆ ಎಂದು ಊರೇ ನಗುತ್ತದಂತೆ. ನಗಲಿ. ಅವನು ರುಚಿ ನೋಡಿ "ಜೀವ ಇದೆ" ಅಂದರೆ ಹತ್ತು. ಅಲ್ಲಿಯವರೆಗೆ ನಡೆ. ದೇವರು ಕಾಲು ಕೊಟ್ಟದ್ದು ಪೆಡಲು ತುಳಿಯುವುದಕ್ಕೆ ಮಾತ್ರ ಅಲ್ಲ.

ನಿನ್ನ ಅಜ್ಜಿ


ಮೇ ೧೯

ಗಿರಗಿಟ್ಲೆಗೆ,

ಮುಚ್ಚಿದ ಗಿರಣಿಯ ಹಿತ್ತಲಲ್ಲಿ ಹಸಿರು ಬಣ್ಣದ ಫ್ರೇಮು ಸಿಕ್ಕಿತೆಂದು ಬರೆದಿದ್ದೀಯ. ಉಜ್ಜಿದ ಮೇಲೆ ಗಿಳಿಯ ಹಾಗೆ ಹೊಳೆಯುತ್ತದಂತೆ. ಗಿಳಿಯ ಬಣ್ಣ ನೋಡಿ ಯಾರೂ ಅದರ ಮೇಲೆ ಕೂರುವುದಿಲ್ಲ. ಹೊಳಪು ಕಂಡರೆ ನನಗೆ ಹೆದರಿಕೆ. ಯಾಕೆಂದು ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬ ಗಾರೆಯವನಿದ್ದ. ನಾವು 'ಸತ್ತಿದೆ' ಎಂದು ಗೋಡೆಗೆ ಒರಗಿಸಿಟ್ಟ ಫ್ರೇಮನ್ನು ನಮ್ಮನ್ನು ಕೇಳದೆ ಎತ್ತಿಕೊಂಡು ಹೋದ. ನಾನು ಹಿಂದೆಯೇ ಓಡಿ, "ಮಾಮಾ, ಅದು ಸತ್ತಿದೆ, ಹತ್ತಬೇಡಿ" ಅಂದೆ. "ಕಬ್ಬಿಣ ಸಾಯತ್ತೇನೇ ಪೋರಿ?" ಎಂದು ನಕ್ಕ. ಕೆಂಪು ಬಣ್ಣ ಬಳಿದ. ಹೊಸ ಮದುಮಗನ ಹಾಗೆ ಇತ್ತು. ಸೇತುವೆಯಿಂದ ಇಳಿಯುವಾಗ ಅದು ಕತ್ತಿನಲ್ಲಿ, ಹ್ಯಾಂಡಲ್ಲು ಕೂಡುವ ಜಾಗದಲ್ಲಿ, ಮುರಿಯಿತು. ಕಬ್ಬಿಣ ಮುರಿಯುವ ಮೊದಲು ಕೂಗಿ ಹೇಳುವುದಿಲ್ಲ ಮಗಳೇ. ಅವನು ಬದುಕಿದ. ಆದರೆ ಆಮೇಲೆ ಅವನು ನಕ್ಕದ್ದನ್ನಾಗಲಿ ಅಗಿದು ತಿಂದದ್ದನ್ನಾಗಲಿ ಯಾರೂ ನೋಡಲಿಲ್ಲ. ಅವತ್ತಿನಿಂದ ನಮ್ಮಪ್ಪ ಒಂದು ಪದ್ಧತಿ ಮಾಡಿದ. ಸತ್ತ ಫ್ರೇಮನ್ನು ಆ ದಿನವೇ ಕತ್ತಿನಲ್ಲಿ ಗರಗಸ ಹಾಕಿ ಎರಡು ತುಂಡು ಮಾಡಬೇಕು. ಇನ್ನೊಬ್ಬ ಆಸೆಪಡಬಾರದು.

ಅಂಗಡಿ ಅಜ್ಜ ಕರೆದರೆ ತಿರುಗುವುದಿಲ್ಲ ಎಂಬ ದೂರು ಬೇರೆ. "ಎಂಥಾ ಸೊಕ್ಕು ಅಜ್ಜಿ, ಬೆನ್ನ ಹಿಂದೆ ನಿಂತು ಗಂಟಲು ಹರ್ಕೊಂಡ್ರೂ ತನ್ನ ಪಾಡಿಗೆ ತಾನು ಕಡ್ಡಿ ಬಿಗೀತಿರ್ತಾನೆ." ದೊಡ್ಡವರನ್ನು ಬೆನ್ನ ಹಿಂದಿನಿಂದ ಕರೆಯುವುದು ಯಾವ ಮರ್ಯಾದೆ? ಎದುರಿಗೆ ಹೋಗಿ ನಿಂತು, ಮುಖ ನೋಡಿ, ನಿಧಾನವಾಗಿ ಮಾತಾಡು. ಹೆಚ್ಚು ಕೇಳಬೇಡ.

ಹೆರಿಗೆ ಮಾಡಿಸುವ ನರ್ಸಮ್ಮನೂ ಅವನ ಹತ್ತಿರ ಹಳೇ ಸಾಮಾನಿನ ಸೈಕಲ್ ಮಾಡಿಸುತ್ತಿದ್ದಾಳೆ ಎಂದು ಬರೆದಿದ್ದೀಯ. ಒಳ್ಳೆಯದು. ಬೇರೆಯವರ ಮಕ್ಕಳನ್ನು ಭೂಮಿಗೆ ಇಳಿಸುವವಳು ತಾನೂ ಜೋಪಾನವಾಗಿ ಗುಡ್ಡ ಇಳಿಯಲಿ.

ನಿನ್ನ ಅಜ್ಜಿ


ಜೂನ್ ೨

ಗಿರಗಿಟ್ಲೆಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊ. ಮೂರನೇ ಕ್ಲಾಸಿನವಳ ಅಕ್ಷರ ಮೊದಲೇ ನೆಟ್ಟಗಿರಲಿಲ್ಲ.

ನಿನ್ನ ಕಾಗದದ ಮುಕ್ಕಾಲು ಭಾಗ ಹಸಿರು ಸೈಕಲ್ಲಿನ ಹೊಗಳಿಕೆ. ಅಜ್ಜ ರುಚಿ ನೋಡಿದ, "ಜೀವ ಇದೆ" ಅಂದ, ನರ್ಸಮ್ಮನ ಸೈಕಲ್ಲಿಗೂ ಹಾಗೇ ಅಂದ, ನಿನ್ನದಕ್ಕೆ ಸೀಟು ಬಂದ ಕೂಡಲೇ ಹತ್ತುತ್ತೀಯ. ಅದನ್ನೆಲ್ಲ ಚಹಾ ಕುಡಿಯುತ್ತಾ ಓದಿದೆ. ಕೊನೆಗೆ ಒಂದು ಸಾಲು. "ಹೇಳೋದೇ ಮರೆತೆ, ಅಜ್ಜನ ಹಲ್ಲೆಲ್ಲ ಕೀಳಿಸಿದ್ದಾಯ್ತು, ಒಂದೂ ಉಳಿದಿಲ್ಲ, ಗಂಜಿ ಕುಡೀತಾ ಪಾಪು ಥರ ಕಾಣ್ತಾನೆ."

ನೀನು ನಗುತ್ತಾ ಬರೆದಿದ್ದೀಯ. ನಾನು ಲೋಟ ಕೆಳಗಿಟ್ಟೆ.

ನನಗೆ ಒಂದೇ ಉತ್ತರ ಬೇಕು. ಹಸಿರು ಫ್ರೇಮಿಗೆ ರುಚಿ ನೋಡಿದ್ದು ಹಲ್ಲು ಕೀಳಿಸುವ ಮೊದಲೋ, ಕೀಳಿಸಿದ ಮೇಲೋ? ಇವತ್ತೇ ಬರೆ. ಅಲ್ಲಿಯವರೆಗೆ ಆ ಸೈಕಲ್ ಹತ್ತಬೇಡ. ಸೀಟು ಬಂದಿದ್ದರೆ ಅದರ ಮೇಲೆ ಬೆಕ್ಕನ್ನು ಕೂರಿಸು. ಯಾಕೆ ಎಂದು ಕೇಳಬೇಡ. ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ಅಜ್ಜಿ


ಜೂನ್ ೨

ತಮ್ಮಾ,

ಹುಡುಗಿಯ ಕಾಗದದ ಜೊತೆಗೇ ಇದನ್ನೂ ಹಾಕುತ್ತಿದ್ದೇನೆ. ಅವಳ ಮುಂದೆ ತೆರೆಯಬೇಡ.

ನಿನ್ನ ಕಿವಿ ಕೇಳುವುದಿಲ್ಲ ಎನ್ನುವುದು ಈ ಲೋಕದಲ್ಲಿ ಈಗ ನನಗೊಬ್ಬಳಿಗೆ ಗೊತ್ತು. ಚಿಕ್ಕಂದಿನಲ್ಲಿ ಬಂದ ಆ ಜ್ವರ ಇಳಿದ ಮೇಲೆ ನೀನು ಗುಡುಗಿಗೂ ತಿರುಗುತ್ತಿರಲಿಲ್ಲ. ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತೆ. ಒಂದು ದಿನ ನೀನು ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡಿದ್ದೆ, ಪಾನಾದ ಹಿಡಿಯನ್ನು ಬಾಯಲ್ಲಿ ಕಚ್ಚಿದ್ದೆ, ಅದರ ತುದಿ ಫ್ರೇಮಿಗೆ ತಾಗಿತ್ತು. ನಾನು ಬಡಿದೆ. ನೀನು ಬೆಚ್ಚಿಬಿದ್ದು, "ಅಕ್ಕಾ, ತಲೆಯೊಳಗೆ ಗಂಟೆ ಬಾರಿಸ್ತು!" ಎಂದು ಅತ್ತೆ. ನಗುತ್ತಾ ಅತ್ತೆ. ಕಿವಿ ಬಿಟ್ಟುಹೋದದ್ದನ್ನು ಹಲ್ಲು ತಂದುಕೊಟ್ಟಿತ್ತು. "ಕಿವುಡನ ಕೈ ಸೈಕಲ್ ಯಾರೂ ಹತ್ತಲ್ಲ ಅಕ್ಕ, ಯಾರಿಗೂ ಹೇಳ್ಬೇಡ" ಅಂದೆ. ಹೇಳಲಿಲ್ಲ. ನಿನ್ನ ಹೆಂಡತಿ ಸಾಯುವವರೆಗೂ ನಿನ್ನನ್ನು ಸೊಕ್ಕಿನವನು ಎಂದು ಬೈದಳು, ಆಗಲೂ ಬಾಯಿ ಬಿಡಲಿಲ್ಲ.

ಈಗ ಇದನ್ನೂ ನೆನಪು ಮಾಡಿಕೊ. ನಿನ್ನ ಹಾಲುಹಲ್ಲು ಬಿದ್ದ ವರ್ಷ, ಮುಂದಿನ ಹಲ್ಲು ಒಂದೂ ಇಲ್ಲದಾಗ, ಒಸಡಿನಲ್ಲಿ ಹಿಡಿ ಕಚ್ಚಿ "ಜೀವ ಇದೆ" ಅಂದೆ. ನನಗೆ ಅನುಮಾನ ಬಂತು. ನೀನು ಬೆಚ್ಚಲಿಲ್ಲ, ಕಣ್ಣು ಅರಳಲಿಲ್ಲ. ಫ್ರೇಮನ್ನು ಹಗ್ಗಕ್ಕೆ ತೂಗಿ ನಾನೇ ಬಡಿದೆ. ತಪ್ ಅಂತು. ಯಾಕೋ ಸುಳ್ಳು ಹೇಳಿದೆ ಎಂದರೆ, "ಕೇಳಿಸ್ಲಿಲ್ಲ ಅಂದ್ರೆ ನೀನು ನನ್ನ ಕರ್ಕೊಂಡು ಹೋಗಲ್ಲ" ಅಂದೆ. ಆಗ ನಿನಗೆ ಏಳು ವರ್ಷ. ನೀನು ಅತ್ತೆ, ನಾನು ಮುದ್ದು ಮಾಡಿ ಬಿಟ್ಟೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಕಡಲೆ ಹೋದರೆ ಹೋಗಲಿ. ನನ್ನ ಮೊಮ್ಮಗಳು ಕಡಲೆಯಲ್ಲ. ಹಲ್ಲಿಲ್ಲದ ಬಾಯಲ್ಲಿ ಆ ಫ್ರೇಮಿಗೆ "ಜೀವ ಇದೆ" ಅಂದೆಯಾ? ಇಲ್ಲ ಎಂದು ಬರೆ. ಹಾಗಂತ ಸುಳ್ಳು ಬರೆಯಬೇಡ.

ಅಕ್ಕ


ಜೂನ್ ೯

ಗಿರಗಿಟ್ಲೆಗೆ,

ನಿನ್ನಿಂದ ಕಾಗದವಿಲ್ಲ. ಅವನಿಂದಲೂ ಇಲ್ಲ. ಗುಡ್ಡ ಕುಸಿದು ನಿಮ್ಮೂರ ದೊಡ್ಡ ರಸ್ತೆ ಮುಚ್ಚಿದೆ, ಅಂಚೆ ಚೀಲಗಳು ಈಚೆಯೇ ಬಿದ್ದಿವೆ ಎಂದು ಇವತ್ತು ತಿಳಿಯಿತು. ನನ್ನ ಎರಡು ಕಾಗದವೂ ಯಾವುದೋ ಚೀಲದಲ್ಲಿ ಮಲಗಿವೆ. ಅಂಚೆಯವನು ಈಗ ನಮ್ಮ ಗೇಟಿನವರೆಗೂ ಬರುವುದಿಲ್ಲ, ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ನನ್ನ ಕೈಯಿಂದ ಪಾತ್ರೆ ಜಾರುತ್ತದೆ.

ಕೋಲು ಊರಿಕೊಂಡು ತಂತಿ ಆಫೀಸಿಗೂ ಹೋದೆ. 'ಸೈಕಲ್ ಹತ್ತಬೇಡ' ಎಂದು ಬರೆಸಿದೆ. ಗುಮಾಸ್ತ ಓದಿ ನಕ್ಕ. "ಇಷ್ಟಕ್ಕೆ ತಂತಿನಾ ಅಜ್ಜಿ? ಹುಡುಗ್ರು ಬೀಳ್ತಾರೆ, ಏಳ್ತಾರೆ." "ಎಲ್ಲರೂ ಏಳಲ್ಲ ಕಣಪ್ಪ, ಕಳಿಸು" ಅಂದೆ. ಕಟ್ಟೆಯ ಮೇಲೆ ಕಾದು ಕೂತೆ. ಆಮೇಲೆ ಅವನೇ ಹೊರಗೆ ಬಂದ, ಆಗ ನಗುತ್ತಿರಲಿಲ್ಲ. ಆ ಕಡೆಯ ಕಂಬಗಳೂ ಬಿದ್ದಿವೆಯಂತೆ, ತಂತಿ ಹೋಗುವುದಿಲ್ಲವಂತೆ.

ತರಕಾರಿ ಲಾರಿಯವನು ಕಾಡಿನ ದಾರಿ ಬಳಸಿಕೊಂಡು ನಿಮ್ಮೂರಿಗೆ ಹೋಗುತ್ತಾನೆಂದು ಗೊತ್ತಾಯಿತು. ಅವನ ಕೈಗೆ ಇದನ್ನು ಕೊಡುತ್ತಿದ್ದೇನೆ. ದಾರಿಯಲ್ಲಿ ಎಲ್ಲಾದರೂ ಮಲಗಿಬಿಟ್ಟರೆ ನಿನ್ನ ಟೊಮ್ಯಾಟೊ ಎಲ್ಲ ಕೊಳೆಯಲಿ ಎಂದು ಮೊದಲೇ ಶಾಪ ಹಾಕಿದ್ದೇನೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಷ್ಟು ವರ್ಷ ಮುಚ್ಚಿಕೊಂಡಿದ್ದೆ. ಈಗ ಬಿಡುತ್ತೇನೆ. ನಿನ್ನ ಅಂಗಡಿ ಅಜ್ಜ ಕಿವುಡ. ಸ್ವಲ್ಪ ಮಂದ ಅಲ್ಲ, ಪೂರ್ತಿ ಕಿವುಡ. ಅವನು ನೋಡುತ್ತಿದ್ದದ್ದು ರುಚಿಯಲ್ಲ, ಹಲ್ಲಿನಿಂದ ಕೇಳುತ್ತಿದ್ದ. ಆ ಹಲ್ಲು ಈಗಿಲ್ಲ. ಒಸಡಿಗೆ ಕಬ್ಬಿಣ ಏನನ್ನೂ ಹೇಳುವುದಿಲ್ಲ. ಕೇಳಿಸಲಿಲ್ಲ ಎನ್ನುವುದು ಅವನ ಬಾಯಲ್ಲಿ ಬರುವುದಿಲ್ಲ, "ಜೀವ ಇದೆ" ಎಂದೇ ಬರುತ್ತದೆ. ಕೆಟ್ಟವನಲ್ಲ, ಹೆದರುಪುಕ್ಕಲ.

ನಿನಗೆ ಎರಡು ಕಿವಿಗಳಿವೆ, ನನ್ನ ಮಾತಿಗೆ ಅವನ್ನು ಯಾವತ್ತೂ ಬಳಸಲಿಲ್ಲ, ಈಗ ಬಳಸು. ಹಸಿರು ಸೈಕಲ್ಲಿನ ಚಕ್ರ, ಹ್ಯಾಂಡಲ್ಲು, ಚೈನು ಎಲ್ಲ ಬಿಚ್ಚು. ಬರೀ ಫ್ರೇಮನ್ನು ಹಗ್ಗಕ್ಕೆ ತೂಗುಹಾಕು, ಗೋಡೆಗೆ ತಾಗಬಾರದು. ಪಾನಾದಿಂದ ಬಡಿ. ಗಂಟೆಯೋ ಮಡಕೆಯೋ ನಿನಗೇ ತಿಳಿಯುತ್ತದೆ.

ಇದನ್ನು ಓದುತ್ತಿರುವವಳು ನೀನೇ ಆಗಿರು. ಇನ್ನೇನೂ ಬೇಡ.

ಅಜ್ಜಿ


ಜೂನ್ ೧೪

ಅಕ್ಕಾ,

ಹುಡುಗಿ ಚೆನ್ನಾಗಿದ್ದಾಳೆ. ಅದನ್ನು ಮೊದಲು ಓದಿಕೊ. ನೀರು ಕುಡಿ. ಆಮೇಲೆ ಉಳಿದದ್ದು ಓದು.

ಲಾರಿಯವನು ಬಂದಾಗ ಅವಳು ಮೇಲಿನ ಬೀದಿಗೆ ಔಷಧಿ ಕೊಟ್ಟು ಆ ಸೈಕಲ್ಲಿನಲ್ಲೇ ಇಳಿದು ಬಂದಿದ್ದಳು. ಒಂದು ವಾರದಿಂದ ಅದರಲ್ಲೇ ಹತ್ತಿ ಇಳಿಯುತ್ತಿದ್ದಳು. ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದಳು. ಮಡಚಿ ಜೇಬಿಗೆ ಹಾಕಿದಳು. ನನ್ನ ಬೆನ್ನ ಹಿಂದೆ ಹೋಗಿ ನಿಂತಳು. ನಾನು ರಿಮ್ಮು ಸರಿಮಾಡುತ್ತಾ ಕೂತಿದ್ದೆ. ಎದುರಂಗಡಿಯ ದರ್ಜಿ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಗಾಬರಿಯಿಂದ ಹೊರಗೆ ಓಡಿಬಂದ. ಅವನ ಮುಖ ನೋಡಿದ ಮೇಲೆ ತಿಳಿಯಿತು, ಹುಡುಗಿ ಏನೋ ಕೂಗಿದ್ದಾಳೆ ಎಂದು. ಆಗ ತಿರುಗಿದೆ. ತಡವಾಗಿತ್ತು. ಅವಳು ಅಳುತ್ತಾ ನಿನ್ನ ಕಾಗದ ನನ್ನ ಕೈಗಿಟ್ಟಳು.

ಸೈಕಲ್ಲನ್ನು ನಾನೇ ಬಿಚ್ಚಿದೆ. ಜಂತಿಗೆ ಹಗ್ಗ ಅವಳೇ ಕಟ್ಟಿದಳು. ಮೊಳೆಯಿಂದ ಪಾನಾ ತೆಗೆದು ಬಡಿದಳು. ನಾನು ಅವಳ ಮುಖ ನೋಡುತ್ತಾ ನಿಂತೆ. ನಿನ್ನ ಮುಖವೇ ಅಕ್ಕಾ, ಹಾಲುಹಲ್ಲಿನ ವರ್ಷದ್ದು. ಇನ್ನೊಮ್ಮೆ ಬಡಿ ಎನ್ನುವ ಧೈರ್ಯ ನನಗಿರಲಿಲ್ಲ. ಅವಳು ಪಾನಾದ ಹಿಡಿಯಲ್ಲಿ ನನ್ನ ಹಲ್ಲಿನ ಗುರುತು ಮೂಡಿದ್ದ ಕಡೆ ತನ್ನ ಹಲ್ಲು ಇಟ್ಟು ಕಚ್ಚಿ ಮತ್ತೊಮ್ಮೆ ತಟ್ಟಿ ಕೇಳಿದಳು. ಬಣ್ಣ ಕೆರೆದೆವು. ಕತ್ತಿನ ಕೆಳಗೆ ಕೂದಲಿನಂಥ ಗೆರೆ, ಅರ್ಧ ಸುತ್ತು ಬಂದಿತ್ತು. ಉಗುರು ಸಿಕ್ಕಿಕೊಳ್ಳುತ್ತಿತ್ತು.

ಗರಗಸ ಹಾಕಿದೆ. ಅಪ್ಪನ ಪದ್ಧತಿ.

ಹಲ್ಲು ಕೀಳಿಸಿದ್ದು ಮೊದಲು, ಆ ಫ್ರೇಮಿಗೆ "ಜೀವ ಇದೆ" ಅಂದದ್ದು ಅದಾದ ಮೇಲೆ. ಹೊಸ ಹಲ್ಲು ಕಟ್ಟುವವರೆಗೆ ಅಂಗಡಿ ಮುಚ್ಚಬೇಕಿತ್ತು. ಯಾಕೆ ಮುಚ್ಚಿದೆ ಎಂದು ಜನ ಕೇಳುತ್ತಾರೆ ಎಂದು ಮುಚ್ಚಲಿಲ್ಲ. ಇನ್ನು ನೀನು ಕೇಳುವ ಮೊದಲೇ ಬರೆಯುತ್ತೇನೆ. ಆಮೇಲೆ ಇನ್ನೂ ಮೂವರಿಗೆ "ಜೀವ ಇದೆ" ಅಂದಿದ್ದೇನೆ. ದರ್ಜಿ, ಬ್ರೆಡ್ಡಿನವನು, ನರ್ಸಮ್ಮ. ಮೊದಲ ಇಬ್ಬರದನ್ನೂ ಗಿರಗಿಟ್ಲೆ ಬಡಿದು ಕೇಳಿದಳು, ಚೆನ್ನಾಗಿವೆ. ನರ್ಸಮ್ಮ ಕುಸಿದ ರಸ್ತೆಯ ಆಚೆಯ ಊರುಗಳಿಗೆ ಹೋಗಿದ್ದಾಳೆ, ಆ ಸೈಕಲ್ಲಿನಲ್ಲೇ. ಇನ್ನೂ ಬಂದಿಲ್ಲ.

ಅಕ್ಕಾ, ನನಗೆ ಭಯವಾಗುತ್ತಿದೆ.

ತಮ್ಮ


ಜೂನ್ ೧೭

ತಮ್ಮಾ,

ಬೈಯಬೇಕೆಂದು ಕೂತೆ. ನಿನ್ನ ಕೊನೆಯ ಸಾಲು ಓದಿ ಬೈಗುಳ ಬದಿಗಿಟ್ಟೆ. ಹುಡುಗಿ ಉಳಿದಳು ಎಂದು ಓದಿ ದೇವರಿಗೆ ದೀಪ ಹಚ್ಚಲು ಹೋದವಳು, ನರ್ಸಮ್ಮನ ಹೆಸರು ಓದಿದ ಮೇಲೆ ಬೆಂಕಿಕಡ್ಡಿ ಕೆಳಗಿಟ್ಟೆ. ಅವಳ ಮುಖ ನಾನು ನೋಡಿಲ್ಲ. ಆದರೂ ಕಣ್ಣು ಮುಚ್ಚಿದರೆ ಅವಳೇ, ಇಳಿಜಾರಿನಲ್ಲಿ, ಹ್ಯಾಂಡಲ್ಲಿಗೆ ಚೀಲ ನೇತುಹಾಕಿಕೊಂಡು. ಅವಳ ಹಿಂದೆ ಆ ಗಾರೆಯವನು.

ಲಾರಿಯವನು ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಹೊಡೆಯಲಿ. ಕೇಳು. ಕೇಳುವುದು ಬೇಡ, ಓದು. ಅಂಗಡಿ ಮುಚ್ಚು. ದರ್ಜಿಗೂ ಬ್ರೆಡ್ಡಿನವನಿಗೂ ಎದುರಿಗೆ ನಿಂತು ಹೇಳು, ನಾನು ಕಿವುಡ, ಸುಳ್ಳು ಹೇಳಿದೆ, ಹುಡುಕೋಕೆ ಬನ್ನಿ ಎಂದು. ಕಾರಣ ಮುಚ್ಚಿಟ್ಟರೆ ಯಾರೂ ಓಡುವುದಿಲ್ಲ. ಮುದುಕನ ತಲೆಯ ನಟ್ಟು ಸಡಿಲ ಎಂದುಕೊಂಡು ನಿಧಾನವಾಗಿ ಬರುತ್ತಾರೆ. ನಿಜ ಹೇಳಿದರೆ ಓಡುತ್ತಾರೆ. ಕುಸಿದ ಮಣ್ಣಿನ ಮೇಲೆ ನಡೆದು ಹೋಗಿ. ಗಿರಗಿಟ್ಲೆಯನ್ನು ಮುಂದೆ ಬಿಡು, ಅವಳಿಗೆ ಕಿವಿ ಇದೆ. ಮೇಲಿನಿಂದ ಕಲ್ಲು ಉರುಳಿದರೆ ನಿನಗೆ ತಿಳಿಯುವುದಿಲ್ಲ, ಅವಳ ಕೈ ಬಿಡಬೇಡ. ಏಳು ವರ್ಷದವನಾಗಿದ್ದಾಗ ನನ್ನ ಕೈ ಬಿಟ್ಟಿದ್ದೆಯಾ?

ಇನ್ನು ನಿನ್ನ ಕ್ಷೇಮ ಸಮಾಚಾರ, ಒಸಡಿನ ನೋವು, ಕ್ಷಮಿಸು ಎಂಬ ಮಾತು ಯಾವುದೂ ನನಗೆ ಬರೆಯಬೇಡ. ಒಂದು ಕಾರ್ಡು ಸಾಕು. ನರ್ಸಮ್ಮ ಇದ್ದಾಳೋ ಇಲ್ಲವೋ, ಅಷ್ಟೇ. ಅದನ್ನು ಗಿರಗಿಟ್ಲೆಯ ಕೈಯಲ್ಲಿ ಬರೆಸು. ನೀನು ಬರೆದರೆ ನಾನು ನಂಬುವುದಿಲ್ಲ ತಮ್ಮಾ. ನಿನ್ನ ಬಾಯಿಗೆ "ಜೀವ ಇದೆ" ಎನ್ನುವುದು ರೂಢಿಯಾಗಿಬಿಟ್ಟಿದೆ.

ಅಕ್ಕ


ಜೂನ್ ೨೧

ಅಜ್ಜಿ,

ಇದ್ದಾಳೆ. ಹಳ್ಳದ ಆಚೆ ಒಂದು ಮನೆಯಲ್ಲಿ ಹೆರಿಗೆ ನಿಧಾನವಾಯಿತೆಂದು ಅಲ್ಲೇ ಉಳಿದಿದ್ದಳು. ನಾವು ಹೋದಾಗ ಚೀಲ ಕಟ್ಟಿಕೊಂಡು ಹೊರಡುವುದರಲ್ಲಿದ್ದಳು. ಅಂಗಡಿ ಅಜ್ಜ ಅಂಗಳದ ತುಂಬ ಜನರ ಮುಂದೆ ಸೈಕಲ್ಲಿಗೆ ಅಡ್ಡ ನಿಂತು, "ನಾನು ಕಿವುಡ, ಹತ್ತಬೇಡ ತಾಯಿ" ಎಂದ.

ಫ್ರೇಮು ಬಿಚ್ಚಿ ಅವರ ಬಾಗಿಲ ತೊಲೆಗೆ ತೂಗಿ ಬಡಿದೆ.

ತಪ್ ಅಂತು ಅಜ್ಜಿ.

ಗಿರಗಿಟ್ಲೆ